ಗುಂಡಪ್ಪ ಇದ್ದ ಲಾರಿ

ಇಂಡಿ ಊರಿನ ನಿಂಬೆಹಣ್ಣಿನ ಟ್ರಾನ್ಸ್‌ಪೋರ್ಟ್ ಮಾಲೀಕರು ನನಗೆ ಚಹಾ ಕೊಟ್ಟರು, ನನ್ನ ಗಂಡನಿಗೆ ಕೆಲಸ ಕೊಟ್ಟರು.

ಕೆಲಸ ಕೇಳಲು ಹೋದವಳು ನಾನು. ಮೇಜಿನ ಮೇಲೆ ಇಟ್ಟದ್ದು ಲಾರಿ ಓಡಿಸುವ ನನ್ನ ಹೆವಿ ಲೈಸೆನ್ಸ್. ಮಾಲೀಕರು ಅದರ ಫೋಟೊ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಪೂರ್ತಿ ಮಾತನ್ನು ಪಕ್ಕದಲ್ಲಿ ಕುಳಿತ ನನ್ನವರ ಜೊತೆಗೇ ಆಡಿದರು.

"ದಿಲ್ಲಿ ಮಟಾ ಹೋಗಬೇಕಾಗ್ತೈತಿ. ಹಣ್ಣು ಕಾಯಂಗಿಲ್ಲ ನೋಡ್ರಿ. ನೀವು ಸ್ಟೇರಿಂಗ್ ಹಿಡೀರಿ, ಅಕ್ಕಾರು ಜೋಡಿ ಬರ್ಲಿ. ಹೆಣ್ಮಗಳು ಮುಂದ ಕುಂತಿದ್ರ ಚೆಕ್‌ಪೋಸ್ಟಿನ್ಯಾಗ ಯಾರೂ ಕೈ ಮಾಡಿ ನಿಲ್ಲಸಂಗಿಲ್ಲ."

"ನನಗ ಭಾಳೊತ್ತು ಕುಂಡ್ರಾಕ ಆಗಂಗಿಲ್ರಿ, ಬೆನ್ನಿಂದು ಆಪರೇಶನ್ ಆಗೇತಿ," ಎಂದರು ನನ್ನವರು. "ಗಾಡಿ ಹೊಡ್ಯಾಕಿ ಇಕಿನ."

ಮಾಲೀಕರು ಬಸಿಯಲ್ಲಿದ್ದ ಚಹಾ ಚೆಲ್ಲುವಷ್ಟು ನಕ್ಕರು. "ಛಲೋ ಚಾಷ್ಟಿ ಮಾಡ್ತೀರಿ ಬಿಡ್ರಿ!"

ನಾವು ತಮಾಷೆ ಮಾಡುತ್ತಿಲ್ಲ ಎಂದು ತಿಳಿದಾಗ ಅವರು ಲೈಸೆನ್ಸನ್ನು ನನ್ನ ಕಡೆಗೆ ಸರಿಸಿದರು. ಇನ್ನೊಂದು ಕಪ್ ಚಹಾ ತರಿಸಿದರು. ಅದನ್ನು ಕುಡಿದು ನಾವು ಬಸ್ಸು ಹತ್ತಿದೆವು.

ನಾನು ಬಸವನ ಬಾಗೇವಾಡಿಯ ಸೊಸೆ. ಓದಿದ್ದು ಕಾನ್ವೆಂಟಿನಲ್ಲಿ. ಬಾಗಿಲು ತಟ್ಟಿ ಒಳಗೆ ಹೋಗುವುದನ್ನು, ಮೆಲ್ಲಗೆ ಮಾತಾಡುವುದನ್ನು ಸಿಸ್ಟರ್‌ಗಳು ಕಲಿಸಿದರು, ಗಾಡಿಯನ್ನು ನನ್ನವರು ಕಲಿಸಿದರು. ಗುಜರಾತ್, ಕೇರಳ ಎಂದು ವರ್ಷಗಟ್ಟಲೆ ಲಾರಿ ಹೊಡೆದ ಮನುಷ್ಯ ಅವರು. ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲಿ ಮಗಳ ಜಡೆ ಹೆಣೆಯುತ್ತ ಕುಳಿತರು. ಹೊಲದ ಟ್ರ್ಯಾಕ್ಟರನ್ನು ಅವರು ನನಗೆ ಮೊದಲೇ ಕಲಿಸಿದ್ದರು. ಉಳಿದದ್ದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತೆ.

ಅತ್ತೆಯವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಒಬ್ಬ ಮಾಲಕನ ಕಡೆ ಹೋಗು. ಹೊಂದಿಕಿ ಆತು, ಛಲೋ. ಇಲ್ಲಂದ್ರ ಆ ಲೈಸೆನ್ಸ್ ಟ್ರಂಕಿನ್ಯಾಗ ಹಾಕು, ಸುಮ್ಮ ಮನ್ಯಾಗಿರು. ಇವತ್ತು ಅವನ ಗಾಡಿ, ನಾಳೆ ಇವನ ಗಾಡಿ, ಅದು ಬ್ಯಾಡ." ಹೀಗಾಗಿ ಮೊದಲ ಮಾಲೀಕರನ್ನು ಆರಿಸುವುದೆಂದರೆ ನನಗೆ ಕೊನೆಯ ಮಾಲೀಕರನ್ನೂ ಆರಿಸಿದಂತೆಯೇ ಇತ್ತು. ಇಂಡಿ ಊರಿನ ಮಾಲೀಕರು ನನ್ನನ್ನು ತೆಗೆದುಕೊಳ್ಳಲಿಲ್ಲವಾದ್ದರಿಂದ ಅದನ್ನು ಅತ್ತೆಯವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಮುದ್ದೇಬಿಹಾಳಕ್ಕೆ, ಇನ್ನೊಬ್ಬ ಲಾರಿ ಮಾಲೀಕರ ಬಳಿಗೆ ಹೋಗುವಾಗ ಅತ್ತೆಯವರೇ ನನ್ನ ಜೊತೆ ಬಂದರು. ಮಾರ್ಕೆಟ್ ಯಾರ್ಡಿನ ಹತ್ತಿರ ಆ ಮಾಲೀಕರ ಆಫೀಸು. ಅವರು ಕುರ್ಚಿಯ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿ ಅತ್ತೆಯವರನ್ನು ಕೂರಿಸಿದರು. ಮಾತಾಡಿದ್ದು ನನ್ನ ಜೊತೆ, ನನ್ನ ಕಣ್ಣು ನೋಡಿ. ಗಾಳಿ ಬ್ರೇಕಿನ ಮೀಟರಿನ ಮುಳ್ಳು ಎಲ್ಲಿಗೆ ಬಂದರೆ ಗಾಡಿ ಎತ್ತುತ್ತೀರಿ, ಇಳಿಜಾರಿನಲ್ಲಿ ಯಾವ ಗೇರು ಎಂದು ಕೇಳಿದರು. ತೊಗರಿ ಚೀಲಗಳ ಎರಡು ಸಾಲುಗಳ ನಡುವೆ ರಿವರ್ಸ್ ತೆಗೆಸಿದರು. ಹಮಾಲರು ಕೆಲಸ ಬಿಟ್ಟು ನೋಡುತ್ತ ನಿಂತರು. ಕನ್ನಡಿಯಲ್ಲಿ ಅವರ ತೆರೆದ ಬಾಯಿಗಳು ಕಾಣುತ್ತಿದ್ದವು. ಒಂದು ಚೀಲವೂ ತಾಗಲಿಲ್ಲ.

ಗಾಡಿ ಹೊಸದು. ಕ್ಯಾಬಿನ್ನಿಗೆ ಪರದೆ, ಸಣ್ಣ ಫ್ಯಾನು, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಯಾವ ಊರಿನ ಪೆಟ್ರೋಲ್ ಬಂಕಿನಲ್ಲಿ ಹೆಂಗಸರ ಶೌಚಾಲಯದ ಬಾಗಿಲು ಸರಿಯಾಗಿ ಮುಚ್ಚುತ್ತದೆ ಎಂಬುದನ್ನೂ ಅವರು ಬಾಯಿಪಾಠ ಒಪ್ಪಿಸಿದರು. ನನ್ನ ಮನಸ್ಸು ಅಲ್ಲಿಯೇ ಸೋತಿತು.

"ನಮ್ಮಲ್ಲಿ ಒಂದ ಮಾತು ಅಕ್ಕಾರ," ಎಂದರು. "ಗಾಡಿ ನಿಲ್ಲಬಾರದು. ಹೇಳಿದ ಟೈಮಿಗೆ ಮಾಲು ಮುಟ್ಟಬೇಕು."

"ಅಷ್ಟು ದೂರ ಒಬ್ಬಾಕಿನ ಹೊಡೀಬೇಕಂದ್ರ ಕಾಲು ಸೋಲ್ತಾವಲ್ರಿ?"

"ಅದಕ್ಕಂತನ ಗುಂಡಪ್ಪ ಅದಾನಲ್ರಿ!"

ಅತ್ತೆಯವರು ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದರು. "ಯಾರ್ರೀ ಗುಂಡಪ್ಪ?"

"ನಮ್ಮ ಗಾಡ್ಯಾಗ ಇರ್ತಾನ್ರಿ ಅಮ್ಮಾರ. ಭಾಳ ಹಳಬ. ಡ್ರೈವರ್ ದಣದಾಗ ಅವನ ನೋಡ್ಕೋತಾನ."

"ಎಂಥಾ ಮನಶ್ಯಾ? ಕುಡೀತಾನೇನು?"

"ಚಾ ಸೈತ ಮುಟ್ಟಂಗಿಲ್ರಿ."

"ಹೆಣ್ಮಕ್ಕಳ ಜೋಡಿ ಹೆಂಗ?"

"ಕಣ್ಣೆತ್ತಿ ನೋಡಂಗಿಲ್ರಿ. ಒಂದು ಮಾತಾಡಂಗಿಲ್ಲ. ಇಟ್ಟಲ್ಲಿ ಇರ್ತಾನ."

ಮೂಲೆಯಲ್ಲಿ ಕುಳಿತಿದ್ದ ಗುಮಾಸ್ತ ಗೋಡೆಯ ಕಡೆ ತಿರುಗಿದ. ಅವನ ಹೆಗಲು ಕುಲುಕುತ್ತಿದ್ದುದನ್ನು ನಾನು ಕಂಡೆ. ಕೆಮ್ಮು ಎಂದುಕೊಂಡೆ.

"ಲಗ್ನ ಆಗೇತೇನು?" ಅತ್ತೆಯವರು ಬಿಡಲಿಲ್ಲ.

"ಇಲ್ರಿ ಅಮ್ಮಾರ, ಹೆಣ್ಣು ನೋಡ್ರಿ ನೀವರ," ಎಂದರು ಮಾಲೀಕರು, ಮುಖದ ಒಂದು ಗೆರೆಯೂ ಅಲುಗದಂತೆ.

ಬಸ್ಸಿನಲ್ಲಿ ಬರುವಾಗ ಅತ್ತೆಯವರಿಗೆ ಸಮಾಧಾನವಾಗಿತ್ತು. ನನಗೂ ಹೆದರಿಕೆ ಎನಿಸಲಿಲ್ಲ. ನನ್ನವರ ಗಾಡಿಯಲ್ಲೂ ಭೀಮಣ್ಣ ಎಂಬ ಒಬ್ಬರಿದ್ದರು. ಅವರನ್ನು ನಾನು ಕಂಡವಳಲ್ಲ. "ಊಟ ಮಾಡೀರೇನು?" ಎಂದು ಫೋನಿನಲ್ಲಿ ಕೇಳಿದರೆ ನನ್ನವರು, "ಈಗ ಮಾಡಾಕತ್ತೇನಿ, ಭೀಮಣ್ಣ ಹೊಡ್ಯಾಕತ್ತಾನ," ಎನ್ನುತ್ತಿದ್ದರು. ಹಬ್ಬ ಬಂದರೆ ಭೀಮಣ್ಣನವರಿಗೆಂದು ಬೇರೆ ಡಬ್ಬಿಯಲ್ಲಿ ಹೋಳಿಗೆ ಕಟ್ಟಿ ಕಳಿಸುತ್ತಿದ್ದೆ. ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಒಬ್ಬ ಮನುಷ್ಯ ಜೊತೆಗಿದ್ದಾನೆ ಎಂಬ ಧೈರ್ಯದ ಮೇಲೆ ನಾನು ಅಷ್ಟು ವರ್ಷ ನೆಮ್ಮದಿಯಿಂದ ಇದ್ದವಳು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಪರದೆ, ಫ್ಯಾನು, ಚಿಲಕ ಎಂದಾಗ ನನ್ನವರು ತಲೆದೂಗಿದರು. ಗುಂಡಪ್ಪ ಎಂದಾಗ ಒಂದು ಕ್ಷಣ ನನ್ನನ್ನು ನೋಡಿ, "ಹೂಂ," ಎಂದು ಕುಡಿಯಲು ನೀರು ಕೇಳಿದರು. ತಂಬಿಗೆ ತುಂಬ ನೀರು ಅವರ ಪಕ್ಕದಲ್ಲೇ ಇತ್ತು.

ಮೊದಲ ಟ್ರಿಪ್ಪು ತೊಗರಿಯದು, ಹೈದರಾಬಾದಿಗೆ. ಹೊರಡುವ ದಿನ ಅತ್ತೆಯವರು ರೊಟ್ಟಿ ಬಡಿದರು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎರಡು ಗಂಟು. ಒಂದು ನನಗೆ, ಒಂದು ಗುಂಡಪ್ಪನಿಗೆ. "ಹಿರ್ಯಾ ಮನಶ್ಯಾ ಇರಬೇಕು. ರೊಟ್ಟಿ ಬಿರುಸಾದ್ರ ಹಲ್ಲಿಗೆ ತ್ರಾಸ ಆಗ್ತೈತಿ," ಎಂದು ಅವನ ಗಂಟಿಗೆ ಮೆತ್ತನೆಯವನ್ನೇ ಆರಿಸಿ ಹಾಕಿದರು.

ಯಾರ್ಡಿನಲ್ಲಿ ಗಾಡಿ ತುಂಬಿ ನಿಂತಿತ್ತು. ಕ್ಯಾಬಿನ್ ಬಳಿ ನೆರೆಗೂದಲಿನ ಡ್ರೈವರ್ ಒಬ್ಬರು ಟೈರುಗಳನ್ನು ಕಟ್ಟಿಗೆಯಿಂದ ಬಡಿದು ನೋಡುತ್ತಿದ್ದರು. ನಾನು ಹತ್ತಿರ ಹೋಗಿ ಕೈಮುಗಿದು ಗಂಟು ಮುಂದೆ ಹಿಡಿದೆ.

"ಗುಂಡಪ್ಪಾವರ, ನಮ್ಮ ಅತ್ತಿಯವರು ಕೊಟ್ಟಾರ್ರಿ."

ಅವರು ಕಟ್ಟಿಗೆ ಕೈಬಿಟ್ಟು ಅಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತು ನಕ್ಕರು. ಅವರು ಉಸ್ತಾದ್, ಮೊದಲ ಟ್ರಿಪ್ಪಿಗೆ ನನ್ನನ್ನು ಪಳಗಿಸಲು ಬಂದವರು. "ನಾ ಅಲ್ರೀ ಅಕ್ಕಾರ. ಗುಂಡಪ್ಪ ಒಳಗ ಮಲಗ್ಯಾನ, ಸೀಟಿನ ಕೆಳಗ. ರಸ್ತೆ ಸೀದಾ ಆದಮ್ಯಾಗ ಏಳ್ತಾನ. ರೊಟ್ಟಿ ಇತ್ತ ಕೊಡ್ರಿ, ಅವನ ಪಾಲಿಂದು ನಾನ ತಿಂತೇನಿ."

ಸೀಟಿನ ಕೆಳಗೆ ಮನುಷ್ಯ ಮಲಗುವಷ್ಟು ಜಾಗವಿಲ್ಲ. ಹಾಗಿದ್ದೂ ನಾನು ಕಾಲನ್ನು ಹಿಂದಕ್ಕೆಳೆದುಕೊಂಡೇ ಕುಳಿತೆ. ಕೇಳಲು ಸಂಕೋಚವಾಯಿತು.

ತಾಳಿಕೋಟಿಯವರೆಗೆ ನಾನೇ ಹೊಡೆದೆ. ತುಂಬಿದ ಗಾಡಿ ಕೈಯಲ್ಲಿ ಬೇರೆಯಾಗಿಯೇ ಇರುತ್ತದೆ. ಬ್ರೇಕ್ ಒತ್ತಿದ ಮೇಲೂ ಹಿಂದಿನ ಭಾರ ಬೆನ್ನಿಗೆ ಬಂದು ಕೂರುತ್ತದೆ. ಹಾಗಾಗಿ ದೂರದಿಂದಲೇ ವೇಗ ಇಳಿಸುತ್ತ ಬಂದೆ. "ಕೈ ಹಗುರ ಐತಿ," ಎಂದರು ಉಸ್ತಾದ್. ಊರು ದಾಟಿದ ಮೇಲೆ ಸ್ಟೇರಿಂಗ್ ಅವರು ಹಿಡಿದರು. ಹುಣಸಗಿಯ ಕಡೆ ರಸ್ತೆ ಕರಿಮಣ್ಣಿನ ಹೊಲಗಳ ನಡುವೆ ನೇರವಾಗಿ ಬಿದ್ದಿತ್ತು.

"ಏಳಪಾ ಗುಂಡಪ್ಪ," ಎಂದು ಅವರು ಎಡಗೈಯನ್ನು ಸೀಟಿನ ಕೆಳಗೆ ಹಾಕಿ ಒಂದು ಕಲ್ಲು ಎತ್ತಿದರು.

ಹೊಳೆಯಲ್ಲಿ ತಿರುಗಿ ನುಣುಪಾದ ಕಪ್ಪು ಗುಂಡುಕಲ್ಲು. ಸುತ್ತ ಸೈಕಲ್ ಟ್ಯೂಬಿನ ಪಟ್ಟಿ. ನೆತ್ತಿಯ ಮೇಲೆ ಅಮಾವಾಸ್ಯೆ ಪೂಜೆಯ ಕುಂಕುಮ. ದೇವರು ಎಂದುಕೊಂಡು ನಾನು ಎರಡೂ ಕೈ ಜೋಡಿಸಿಬಿಟ್ಟೆ. ನನ್ನ ಕೈ ಜೋಡಿಸಿದಂತೆಯೇ ಇತ್ತು. ಅವರು ಬಾಗಿ ಕಲ್ಲನ್ನು ಎಕ್ಸಲರೇಟರ್ ಪೆಡಲಿನ ಮೇಲೆ ಕೂರಿಸಿದರು, ಬಲಗಾಲು ತೆಗೆದು ಸೀಟಿನ ಮೇಲೆ ಮಡಚಿಕೊಂಡರು, ಪೊಟ್ಟಣದಿಂದ ತಂಬಾಕು ಸುರಿದು ಅಂಗೈಯಲ್ಲಿ ತಿಕ್ಕತೊಡಗಿದರು. ಎಂಜಿನ್ನಿನ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಗಾಡಿಯನ್ನು ಕಲ್ಲು ಹೊಡೆಯುತ್ತಿತ್ತು.

"ಇವನ ನೋಡ್ರಿ ಗುಂಡಪ್ಪ. ಮಾತಾಡಸ್ರಿ."

ನಾನು ಕಲ್ಲನ್ನೇ ನೋಡುತ್ತ ಕೇಳಿದೆ. "ಬ್ರೇಕ್ ಬೇಕಾದ್ರ?"

"ಒದ್ರ ಹೋಗ್ತಾನ ಮಗಾ."

ಮುಂದೆ ರಸ್ತೆಯ ಅರ್ಧಕ್ಕೂ ಹೆಚ್ಚು ಹುರುಳಿ ಹರವಿದ್ದರು. ನಮ್ಮ ಕಡೆ ಗಾಡಿಗಳ ಗಾಲಿಯಿಂದಲೇ ರಾಶಿ ತುಳಿಸುವುದು ಹೊಸದಲ್ಲ. ಆದರೆ ಒಬ್ಬ ಹೆಂಗಸು ಅದರ ನಡುವೆ ಬೆನ್ನು ನಮ್ಮ ಕಡೆ ಮಾಡಿ ಕಸಬರಿಗೆಯಿಂದ ಕಾಳು ಒಟ್ಟುತ್ತಿದ್ದಳು. ಎದುರಿನಿಂದ ಬಸ್ಸು. ಉಸ್ತಾದ್ ಹಾರ್ನ್ ಒತ್ತಿ ಕಲ್ಲನ್ನು ಒದ್ದರು. ಕಲ್ಲು ಉರುಳಿತು. ಹೊರಗಿನ ಕಡೆ ಉರುಳುವ ಬದಲು ಒಳಗೆ, ಬ್ರೇಕ್ ಪೆಡಲಿನ ಕೆಳಗೆ ಹೋಗಿ ಕುಳಿತಿತು.

ಅವರು ಬ್ರೇಕ್ ತುಳಿದರು. ಪೆಡಲು ಇಳಿಯಲಿಲ್ಲ. ಇನ್ನೊಮ್ಮೆ ತುಳಿದರು. ಅವರ ಅಂಗೈಯ ತಂಬಾಕು ಸ್ಟೇರಿಂಗಿನ ಮೇಲೆ ಉದುರಿದ್ದು ನನಗೆ ಕಾಣಿಸಿತು. ಇಂಥದ್ದೆಲ್ಲ ಯಾಕೆ ಕಾಣುತ್ತದೋ. ಬೆಲ್ಟು ಬಿಚ್ಚಿ ಗೇರಿನ ಮೇಲಿಂದ ಬಾಗಿ ಅವರ ಕಾಲುಗಳ ಸಂದಿಗೆ ಕೈ ತೂರಿಸಿದೆ. ಬಳೆಗಳು ಒಡೆದವು. ಕಲ್ಲನ್ನು ಉಗುರಿನಿಂದ ಹಿಡಿದು ಎಳೆದೆ. ಅದು ಬಂತು. ಗಾಳಿ ಬ್ರೇಕು ಫುಸ್ಸೆಂದಿತು. ಹುರುಳಿ ಗಾಲಿಗಳ ಕೆಳಗೆ ಮಳೆ ಸುರಿದಂತೆ ಸದ್ದು ಮಾಡಿತು. ಗಾಡಿ ರಾಶಿಯನ್ನು ಪೂರ್ತಿ ದಾಟಿ ನಿಂತಿತು.

ಇಳಿದು ಓಡಿದೆ. ಆ ಹೆಂಗಸು ರಸ್ತೆ ಬದಿಯ ತಗ್ಗಿನಲ್ಲಿ ನಿಂತಿದ್ದಳು. ಹಾರಿದ್ದಳು. ಅವಳ ಒಂದು ಚಪ್ಪಲಿ ಮಾತ್ರ ರಾಶಿಯ ಮೇಲೆ ಗಾಲಿಯ ಗುರುತಿನೊಳಗೆ ಇತ್ತು. ಕಸಬರಿಗೆ ಎತ್ತಿಕೊಂಡೇ ಮೇಲೆ ಬಂದಳು.

"ತುಳೀಲಿ ಅಂತ ಹಾಕೇವಿ ಖರೇ! ನನ್ನೂ ತುಳೀತೀರೇನು?"

"ಸಾರಿ," ಎಂದೆ ನಾನು. ಕಾನ್ವೆಂಟಿನ ನಾಲಿಗೆಗೆ ಅದೊಂದೇ ಶಬ್ದ ಸಿಕ್ಕಿತು.

"ಏನ ಸಾರು? ಯಾರ ಮನ್ಯಾಗಿನ ಸಾರು?" ಎಂದವಳು ನನ್ನ ಮುಂಗೈಯ ರಕ್ತ ನೋಡಿ ಕಸಬರಿಗೆ ಕೆಳಗಿಟ್ಟಳು. ತಲೆಗೆ ಸುತ್ತಿಕೊಂಡಿದ್ದ ವಸ್ತ್ರ ಬಿಚ್ಚಿ ಕೈಗೆ ಕಟ್ಟಿದಳು.

ಅಷ್ಟರಲ್ಲಿ ಉಸ್ತಾದ್ ಮಾಲೀಕರಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟಿದ್ದರು. "ಏನಿಲ್ರಿ ಸಾವಕಾರ್ರ, ಅಕ್ಕಾರು ಸ್ವಲ್ಪ ಗಾಬರಿ ಆದ್ರು."

"ಗಾಡಿ?"

"ಏನಾಗಿಲ್ರಿ."

"ಮಾಲು?"

"ಸರಿ ಐತ್ರಿ."

"ಮತ್ಯಾಕ ನಿಂತೀರಿ?"

ನಾನು ಫೋನಿನ ಹತ್ತಿರ ಹೋದೆ. "ರಸ್ತೆ ಮ್ಯಾಲ ಒಬ್ಬ ಹೆಣ್ಮಗಳಿದ್ಲ್ರಿ."

"ಸತ್ತಿಲ್ಲಲ್ರಿ?"

ಶೌಚಾಲಯದ ಬಾಗಿಲುಗಳ ಬಗ್ಗೆ ಹೇಳಿದ ಅದೇ ಮೆತ್ತಗಿನ ಧ್ವನಿ. ನಾನು ಗಾಡಿಯ ಮೆಟ್ಟಿಲು ಹಿಡಿದುಕೊಂಡೆ. ಈ ಮನುಷ್ಯನನ್ನು ನಾನು ಒಳ್ಳೆಯವನೆಂದು ಆರಿಸಿದ್ದೆ.

"ಮೊದಲ ಸಲ ಹಂಗ ಅನಸ್ತೈತ್ರಿ ಅಕ್ಕಾರ," ಎಂದರು. "ನಾಕು ಟ್ರಿಪ್ಪು ಆದ್ರ ಗುಂಡಪ್ಪ ಇಲ್ಲಂದ್ರ ನಿಮಗ ನಡ್ಯಂಗಿಲ್ಲ."

"ಪೂರಾ ದಾರಿ ನಾನ ಹೊಡೀತೇನ್ರಿ. ಕಲ್ಲು ಬ್ಯಾಡ. ಕಾಲು ಸೋತಲ್ಲಿ ಸ್ವಲ್ಪ ನಿಲ್ಲಸ್ತೇನಿ."

"ನಿಲ್ಲಸೂದಾದ್ರ ಇಳೀರಿ. ಹತ್ತಾಕ ಬ್ಯಾರೆದವರು ಅದಾರ."

ಇಳಿದರೆ ಲೈಸೆನ್ಸು ಟ್ರಂಕಿನ ಪಾಲು. ಅತ್ತೆಯವರ ಮಾತು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಕ್ಯಾಬಿನ್ ಹತ್ತಿ ಪರದೆಯ ಹಿಂದಿನಿಂದ ನನ್ನ ಚೀಲ ತೆಗೆದುಕೊಂಡೆ. ಕಲ್ಲನ್ನೂ ಎತ್ತಿಕೊಂಡು ಕೆಳಗಿಳಿದು ಹೊಲದ ಬದುವಿನ ಮೇಲೆ ಇಟ್ಟೆ. ಅದಿಲ್ಲದಿದ್ದರೆ ಉಸ್ತಾದ್ ಕಾಲಿನಿಂದಲೇ ಹೊಡೆಯುತ್ತಾರೆ ಎಂದು ನನ್ನ ಬುದ್ಧಿ.

ಉಸ್ತಾದ್ ಸಿಟ್ಟಾಗಲಿಲ್ಲ. ಬದುವಿನ ಗುಂಟ ನಡೆದರು. ಒಂದು ಕಲ್ಲು ಎತ್ತಿ ತೂಗಿ ನೋಡಿ ಬಿಟ್ಟರು, ಇನ್ನೊಂದು ಎತ್ತಿದರು. ಸಂತೆಯಲ್ಲಿ ತೆಂಗಿನಕಾಯಿ ಆರಿಸುವ ಹಾಗೆ. ಮೂರನೆಯದು ಅವರಿಗೆ ಹಿಡಿಸಿತು. "ಕಲ್ಲಿಗೇನು ಕಮ್ಮಿ ಅಕ್ಕಾರ ನಮ್ಮ ಕಡೆ," ಎಂದು ಅದನ್ನು ಬಗಲಲ್ಲಿಟ್ಟುಕೊಂಡು ಗಾಡಿ ಹತ್ತಿದರು. ಗಾಡಿ ಹೋಯಿತು. ಆ ಹೆಂಗಸು ನನ್ನನ್ನು ಬಸ್ಸಿಗೆ ಹತ್ತಿಸಿದಳು.

ಮನೆಗೆ ಬಂದಾಗ ಅತ್ತೆಯವರು ನನ್ನ ಕೈ ನೋಡಿ, "ಗುಂಡಪ್ಪ ಏನರ ಮಾಡಿದನೇನ?" ಎಂದು ಎದೆ ಬಡಿದುಕೊಂಡರು.

"ಗುಂಡಪ್ಪ ಮನಶ್ಯಾ ಅಲ್ರಿ ಅತ್ತಿ. ಕಲ್ಲು."

ಎಲ್ಲವನ್ನೂ ಹೇಳುವಾಗ ನಾನು ನೋಡುತ್ತಿದ್ದದ್ದು ನನ್ನವರನ್ನು. ಅವರು ಮಂಚದ ನವಾರನ್ನು ಬೆರಳಿನಿಂದ ಎಳೆಯುತ್ತಿದ್ದರು. ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನಿಮಗ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಎಲ್ಲಾ ಗಾಡ್ಯಾಗೂ ಇರ್ತಾನ. ಕಾಲು ಮರಗಟ್ಟಿ ತಮ್ಮವು ಅನಸಂಗಿಲ್ಲ. ಮಾಲಕ ನಿಂದ್ರಾಕ ಬಿಡಂಗಿಲ್ಲ. ನಿನಗೂ ಬೇಕಾಗ್ತಾನ ಅನಕೊಂಡೆ." ಆಮೇಲೆ ನನ್ನ ಕಡೆ ನೋಡದೆ, "ನಮ್ಮ ಗಾಡ್ಯಾಗ ಅವಗ ಭೀಮಣ್ಣ ಅಂತಿದ್ವಿ," ಎಂದರು.

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಮಾಡುವುದು ಏನೂ ಇರಲಿಲ್ಲ. ಅಷ್ಟು ವರ್ಷ ನಾನು ದೀಪ ಆರಿಸಿ, ಮಗಳಿಗೆ ಹೊದಿಸಿ, ಭೀಮಣ್ಣ ಇದ್ದಾನೆ ಎಂದು ಕಣ್ಣು ಮುಚ್ಚಿದ್ದೆ. ಅವನಿಗೆ ಹೋಳಿಗೆ ಕಳಿಸಿದ್ದೆ. ಅವನ ಮನೆಯವರು ಹೇಗಿದ್ದಾರೆ ಎಂದೂ ಕೇಳಿದ್ದೆ, "ಆರಾಮ ಅದಾರ," ಎಂದಿದ್ದರು ನನ್ನವರು. ಗೋಡೆಗೆ ಆತು ನಿಂತೆ.

ಹೊರಗೆ ಅತ್ತೆಯವರ ಧ್ವನಿ ಕೇಳಿಸಿತು. ಅವರು ಮಗನನ್ನು ಬೈಯುತ್ತಿರಲಿಲ್ಲ. "ಹೋಳಿಗಿ ಯಾರು ತಿಂತಿದ್ರು?" ಎಂದು ಕೇಳುತ್ತಿದ್ದರು. "ಹೇಳಲಾ, ಯಾರು ತಿಂತಿದ್ರು?"

"ನಾನ."

"ನಾ ಹಡದ ಮಗನ್ನ ಕಲ್ಲಿನ ಕೈಯಾಗ ಕೊಟ್ಟು ಮಲಗಿದ್ನೇನೋ ಯಪ್ಪಾ," ಎಂದರು ಅತ್ತೆಯವರು. ಬಹಳ ಹೊತ್ತಿನ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಮುದ್ದೇಬಿಹಾಳದಾಂವ ಮಾಲಕ ಅಲ್ಲ. ಅವನ್ನ ಲೆಕ್ಕಕ್ಕ ಹಿಡ್ಯಾಕ ಹೋಗಬ್ಯಾಡ. ಮತ್ತೊಬ್ಬನ್ನ ನೋಡು."

ಸಿಂದಗಿಗೆ ನಾನು ಒಬ್ಬಳೇ ಹೋದೆ. ಹತ್ತಿ ಬಿಡಿಸುವ ಜಿನ್ನಿನ ಪಕ್ಕದಲ್ಲಿ ಅಲ್ಲಿಯ ಲಾರಿ ಮಾಲೀಕರು ಹಗ್ಗದ ಗಂಟು ಬಿಚ್ಚುತ್ತ ನಿಂತಿದ್ದರು. ಕೂಡ್ರಿ ಎನ್ನಲಿಲ್ಲ, ಚಹಾದ ಮಾತೇ ಇಲ್ಲ. "ಹೆಂಗಸರಿಗೆ ಗಾಡಿ ಕೊಟ್ಟಿಲ್ಲ ನಾ," ಎಂದರು. "ಕೊಡಬಾರದಂತೇನಿಲ್ಲ. ಯಾರೂ ಕೇಳಿಲ್ಲ."

"ಮೊದಲ ಗಾಡಿ ನೋಡ್ತೇನ್ರಿ," ಎಂದು ಕ್ಯಾಬಿನ್ ಹತ್ತಿದೆ. ಹಳೆಯ ಗಾಡಿ. ಪರದೆ ಇಲ್ಲ, ಸೀಟಿನ ಹೊಲಿಗೆ ಬಿಚ್ಚಿದೆ. ಮೊಣಕಾಲೂರಿ ಸೀಟಿನ ಕೆಳಗೆ ಕೈಯಾಡಿಸಿದೆ. ಜಾಕು, ಒಂದು ಪಾನಾ, ಹರಿದ ಗೋಣಿ ಸಿಕ್ಕವು.

"ಏನು ಹುಡಕಾಕತ್ತೀರಿ?"

"ಕಲ್ಲು."

ಅವರಿಗೆ ಅರ್ಥವಾಯಿತು. ಮುಖ ಗಂಟಾಯಿತು. "ಹಿಂದಿನ ಡ್ರೈವರ್ ಇಟ್ಟಿದ್ದ. ಒಗದೇನಿ. ಅವನೂ ಬಿಟ್ಟು ಹೋದ."

"ಕಾಲು ಜೋಮು ಹಿಡದ್ರ ನಾ ಏನು ಮಾಡ್ಲಿ?"

"ಇಳೀರಿ."

"ತಡಾ ಆದ್ರ?"

"ತಡಾ ಆಗ್ತದ." ಹುಚ್ಚಿಯನ್ನು ನೋಡುವಂತೆ ನನ್ನನ್ನು ನೋಡಿದರು. "ಕಾಲು ನಿಮ್ಮುವಲ್ರಿ? ನನ್ನ ಯಾಕ ಕೇಳ್ತೀರಿ?"

ಮಾತು ಚೆನ್ನಾಗಿತ್ತು. ಮುದ್ದೇಬಿಹಾಳದ ಮಾತೂ ಚೆನ್ನಾಗಿಯೇ ಇತ್ತು. ಸಣ್ಣ ಮಾಲೀಕ, ತಿಂಗಳೆಲ್ಲ ಲೋಡು ಸಿಗುವ ಖಾತ್ರಿ ಇಲ್ಲ ಎಂದು ನನ್ನವರು ಫೋನಿನಲ್ಲಿ ಹೇಳಿದರು. ಅದು ನಿಜ. ಹಾಗಿದ್ದೂ ಒಪ್ಪಿಕೊಂಡೆ.

ಮೊದಲ ಲೋಡು ಹತ್ತಿ ಬೇಲುಗಳದ್ದು, ಕೊಯಮತ್ತೂರಿನ ಕಡೆಗೆ. ಮೊದಲೊಂದೆರಡು ಟ್ರಿಪ್ಪಿಗೆ ಜಿನ್ನಿನ ಹಿರಿಯ ಡ್ರೈವರ್ ಒಬ್ಬರು ಜೊತೆಗಿದ್ದರು, ಆಮೇಲಿನದಕ್ಕೆ ಒಬ್ಬಳೇ ಹೊರಟೆ. ಇಳಕಲ್ ದಾಟಿ ಎಷ್ಟೋ ದೂರ ಬಂದ ಮೇಲೆ ಬಲಗಾಲಿನ ಹೆಬ್ಬೆರಳು ತಣ್ಣಗಾಯಿತು, ಆಮೇಲೆ ಹಿಮ್ಮಡಿ. ಪೆಡಲಿನ ಮೇಲೆ ಕಾಲು ಇದೆಯೋ ಇಲ್ಲವೋ ಎಂಬುದೇ ತಿಳಿಯದಾಯಿತು. ನನ್ನವರು ಹೇಳಿದ್ದು ಸುಳ್ಳಲ್ಲ. ರಸ್ತೆ ಮುಂದೆ ನೇರವಾಗಿತ್ತು, ಖಾಲಿಯಾಗಿತ್ತು. ಕಲ್ಲೊಂದು ಇದ್ದಿದ್ದರೆ ಎಂಬ ಯೋಚನೆ ನನ್ನಂಥವಳಿಗೂ ಬಂತು. ಬಂದದ್ದಕ್ಕೆ ನನಗೇ ದಿಗಿಲಾಯಿತು.

ಇಂಡಿಕೇಟರ್ ಹಾಕಿ ಗಾಡಿಯನ್ನು ರಸ್ತೆ ಬಿಟ್ಟು ಒಂದು ಧಾಬಾದ ಅಂಗಳಕ್ಕೆ ಇಳಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಟ್ಟಿಗೆಯ ತುಂಡು ಕೊಟ್ಟು, ಕುಂಟುತ್ತ ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಫೋನು ಬಡಿದುಕೊಂಡಿತು. ಮಾಲೀಕರು. ಗಾಡಿ ಎಲ್ಲಿ ನಿಂತರೂ ಅವರ ಮೊಬೈಲಿನಲ್ಲಿ ಕಾಣುತ್ತದೆ.

"ಗಾಡಿ ನಿಂತದಲ್ರಿ."

ನೆಪ ಹೇಳಲು ಬಾಯಿ ತೆರೆದೆ, ಚಹಾ, ಟೈರು, ಏನಾದರೊಂದು. ಹೇಳಲಿಲ್ಲ. "ನಾನ ನಿಲ್ಲಸೇನ್ರಿ. ಕಾಲು ಜೋಮು ಹಿಡದಾವ."

ಆ ಕಡೆ ಜಿನ್ನಿನ ಸದ್ದು ಜೋರಾಗಿತ್ತು, ಅವರು ಕೂಗಿ ಕೇಳಿದರು.

"ರಸ್ತೆ ಬಿಟ್ಟು ಒಳಗ ತಗೊಂಡೀರಿಲ್ಲೋ?"

"ಹೌದ್ರಿ."

"ಆತು."

ಫೋನು ಇಟ್ಟರು. ಅಂಗೈಯಲ್ಲಿ ಅದನ್ನು ಹಿಡಿದುಕೊಂಡೇ ಲಾರಿಯ ಸುತ್ತ ನಡೆದೆ. ಈಗ ಮತ್ತೆ ಫೋನು ಬರುತ್ತದೆ, ಎಷ್ಟು ಹೊತ್ತು ಎಂದು ಕೇಳುತ್ತಾರೆ ಎಂದುಕೊಳ್ಳುತ್ತ ಇನ್ನೊಂದು ಸುತ್ತು ಹಾಕಿದೆ. ಪಾದದಲ್ಲಿ ಇರುವೆ ಹರಿದಂತೆ ರಕ್ತ ತಿರುಗಿ ಬಂತು. ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನೋಡಿದೆ, ಬೆರಳುಗಳನ್ನು ಒಂದೊಂದಾಗಿ ಅಲುಗಿಸಿದೆ. ಫೋನು ಬರಲಿಲ್ಲ.